ಕೋವಿಯ ಪಾಠಾಂತರಗಳು

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ತಳಕು ಎಂಬ ಊರು ಸಿಕ್ಕುತ್ತದೆ. ಮಳೆ ಕಡಮೆಯಾದ, ಕುರುಚಲು ಬೆಳೆದ, ಶೇಂಗಾ ನಂಬಿ ಬದುಕುವ ಬಯಲುಸೀಮೆಯ ಈ ಊರಿನ ಹೆಸರು ಕನ್ನಡ ಓದುಗರಿಗೆ ಅಪರಿಚಿತವಲ್ಲ. ಕುವೆಂಪು ಅವರು ತಮ್ಮ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಯಾವ ಗುರುವಿಗೆ ಅರ್ಪಿಸಿದರೋ ಆ ವೆಂಕಣ್ಣಯ್ಯನವರು ತಳಕಿನವರು. ಚಿತ್ರದುರ್ಗದ ಪಾಳೆಯಗಾರರ ಏಳುಬೀಳುಗಳನ್ನು ಕಾದಂಬರಿಗಳಲ್ಲಿ ಕಟ್ಟಿಕೊಟ್ಟ ತ.ರಾ.ಸು. ಅವರೂ ಅದೇ ಮನೆತನದವರು; ಅವರ ಹೆಸರಿನ ಮೊದಲಕ್ಷರವೇ ತಳಕು. ದುರ್ಗದ ಆ ಪಾಳೆಯಗಾರರ ಪಡೆಯ ಕಾಲಾಳುಗಳಲ್ಲಿ ಬೇಡರು ಮುಖ್ಯರಾಗಿದ್ದರು. ಇಂದಿಗೂ ತಳಕು, ನಾಯಕನಹಟ್ಟಿ, ಮೊಳಕಾಲ್ಮೂರುಗಳ ಸುತ್ತ ಮ್ಯಾಸಬೇಡರ ಹಟ್ಟಿಗಳಿವೆ.

ಹೀಗೆ ಈ ನೆಲಕ್ಕೆ ಎರಡು ಬಗೆಯ ಪಿತ್ರಾರ್ಜಿತವಿದೆ. ಒಂದು ಓಲೆಗರಿಯದು, ಮತ್ತೊಂದು ಆಯುಧದ್ದು. ಮೊದಲನೆಯದನ್ನು ಹೇಗೆ ಕಾಪಾಡಬೇಕೆಂಬುದನ್ನು ನಮ್ಮ ವಿದ್ವಾಂಸರು ಒಂದು ಶತಮಾನದ ಪರಿಶ್ರಮದಿಂದ ಕಲಿತು ನಮಗೂ ಕಲಿಸಿದ್ದಾರೆ. ಹಳೆಯ ಪ್ರತಿಯ ಅಕ್ಷರವನ್ನು ಅಳಿಸಿ ತನಗೆ ಹಿತವಾದ ಅಕ್ಷರವನ್ನು ಬರೆಯುವುದು ತಪ್ಪೆಂದು ಕಾಲೇಜಿನ ವಿದ್ಯಾರ್ಥಿಯೂ ಬಲ್ಲ. ಎರಡನೆಯದರ ವಿಷಯದಲ್ಲಿ ಅಂಥ ವಿವೇಕ ನಮ್ಮಲ್ಲಿ ಇನ್ನೂ ಬೆಳೆದಂತಿಲ್ಲ. ಸೇನೆ ಬಳಸಿ ಬಿಟ್ಟ ಹಳೆಯ ರೈಫಲೊಂದು, ಅಥವಾ ಅಜ್ಜನ ಕಾಲದ ಮಸ್ಕೆಟ್ಟೊಂದು ಒಬ್ಬನ ಕೈಗೆ ಬಂದರೆ ಅದನ್ನು ಅವನು ತನ್ನ ಅನುಕೂಲಕ್ಕೆ ತಕ್ಕಂತೆ ಕತ್ತರಿಸಬಹುದೆ, ಬದಲಾಯಿಸಬಹುದೆ? ಬದಲಾಯಿಸಲು ಕಾನೂನು ಬಿಡುತ್ತದೆಯೆ? ಕಾನೂನು ಬಿಟ್ಟರೂ ಧರ್ಮ ಒಪ್ಪುತ್ತದೆಯೆ? ಮೇಲುನೋಟಕ್ಕೆ ಇದು ಕೆಲವೇ ಹವ್ಯಾಸಿಗಳ ಪ್ರಶ್ನೆ. ಸ್ವಲ್ಪ ಬಗೆದು ನೋಡಿದರೆ, ಗತಕಾಲದ ಸಾಕ್ಷಿಗಳ ಮೇಲೆ ಇಂದಿನವರಿಗೆ ಎಷ್ಟು ಅಧಿಕಾರವಿದೆ ಎಂಬ ದೊಡ್ಡ ಪ್ರಶ್ನೆ ಇದರೊಳಗಿದೆ.

ಸೇನೆಯ ಹಳೆಯ ರೈಫಲು ಎಂದೊಡನೆ ನಮ್ಮ ನಾಡಿನಲ್ಲಿ ನೆನಪಿಗೆ ಬರುವುದು ‘ತ್ರೀ ನಾಟ್ ತ್ರೀ’. ನಳಿಗೆಯ ಒಳ ಅಗಲ ಅಂಗುಲದ ಸಾವಿರದಲ್ಲಿ 303 ಭಾಗವಾದ್ದರಿಂದ ಆ ಹೆಸರು. ಬಂಗಾಳದ ಇಶಾಪುರದಲ್ಲಿ 1904ರಲ್ಲಿ ರೈಫಲು ಕಾರ್ಖಾನೆ ಆರಂಭವಾಯಿತು. ಅಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ರೈಫಲುಗಳನ್ನು ಹೊತ್ತು ನಮ್ಮ ಸಿಪಾಯಿಗಳು ಎರಡು ಮಹಾಯುದ್ಧಗಳಲ್ಲಿ ಕಾದಾಡಿದರು. 1962ರ ಚೀನಾ ಯುದ್ಧದಲ್ಲಿಯೂ ಹಿಮಾಲಯದ ಹಿಮದ ನಡುವೆ ನಮ್ಮ ಕಾಲಾಳುಗಳ ಕೈಯಲ್ಲಿದ್ದುದು ಬಹುಮಟ್ಟಿಗೆ ಅದೇ. ಆ ಯುದ್ಧದ ತರುವಾಯ ಸೇನೆಗೆ ತಾನಾಗಿ ಗುಂಡು ತುಂಬಿಕೊಳ್ಳುವ ಹೊಸ ರೈಫಲುಗಳು ಬಂದವು. ಹಳೆಯವು ಪೋಲೀಸು ಠಾಣೆಗಳಿಗೆ, ಜೈಲುಗಳಿಗೆ, 1948ರಲ್ಲಿ ಸ್ಥಾಪಿತವಾದ ಎನ್.ಸಿ.ಸಿ.ಯ ಉಗ್ರಾಣಗಳಿಗೆ ಇಳಿದುಬಂದವು. ಉತ್ತರ ಪ್ರದೇಶದ ಪೋಲೀಸರು ಈ ರೈಫಲಿಗೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಒಂದು ಆಯುಧ ನೂರು ವರ್ಷಕ್ಕೂ ಮಿಕ್ಕಿ ದುಡಿದುದನ್ನು ನೋಡಿದರೆ, ಅದು ಕೇವಲ ಉಕ್ಕು-ಮರಗಳ ಗಂಟಲ್ಲ, ನಮ್ಮ ಚರಿತ್ರೆಯ ಒಂದು ಅಧ್ಯಾಯ ಎಂಬುದು ತಿಳಿಯುತ್ತದೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡು, ಅಮೆರಿಕ, ಕೆನಡ, ಆಸ್ಟ್ರೇಲಿಯಗಳಲ್ಲಿ ಇಂಥ ರೈಫಲುಗಳು ರಾಶಿರಾಶಿಯಾಗಿ ಪೇಟೆಗೆ ಬಂದವು. ಬೆಲೆ ಅತ್ಯಗ್ಗ. ಹೊಸ ಬೇಟೆ ಬಂದೂಕನ್ನು ಕೊಳ್ಳಲಾರದ ರೈತ, ಕೂಲಿಗಾರ, ಯುದ್ಧದಿಂದ ಮರಳಿದ ಸಿಪಾಯಿ ಇವರೆಲ್ಲರೂ ಒಂದೊಂದನ್ನು ಕೊಂಡು ಮನೆಗೆ ತಂದರು. ಸಿಪಾಯಿಯ ರೈಫಲು ಭಾರ. ಅದರ ನಳಿಗೆಯ ಉದ್ದಕ್ಕೂ ಮರದ ಹೊದಿಕೆ. ಬೇಟೆಗಾರನಿಗೆ ಅದು ಬೇಡ. ಆದ್ದರಿಂದ ಮರವನ್ನು ಗರಗಸದಿಂದ ಕುಯ್ದರು, ನಳಿಗೆಯನ್ನು ಮೊಟಕುಮಾಡಿದರು, ಗುರಿಗಣ್ಣುಗಳನ್ನು ಕಿತ್ತು ದುರ್ಬೀನು ಕೂಡಿಸಿದರು, ಬೇರೆ ಅಳತೆಯ ತೋಟೆಗೆ ಒಗ್ಗಿಸಿದರು. ಆ ಕೆಲಸವನ್ನೇ ಕಸುಬಾಗಿ ಮಾಡಿದ ಕಾರ್ಖಾನೆಗಳೂ ಇದ್ದವು. ಅಂದು ಅದನ್ನು ಯಾರೂ ಅಪಚಾರವೆಂದು ಬಗೆಯಲಿಲ್ಲ. ಖಡ್ಗವನ್ನು ನೇಗಿಲಗುಳವನ್ನಾಗಿ ಬಡಿದಂತೆ, ಮನುಷ್ಯರನ್ನು ಕೊಲ್ಲಲು ಹುಟ್ಟಿದ್ದು ಮನೆಮಂದಿಗೆ ಊಟ ಒದಗಿಸುವ ಸಾಧನವಾಯಿತೆಂದು ಸಂತೋಷಪಟ್ಟವರೂ ಉಂಟು. ಆ ಸಂತೋಷ ಸುಳ್ಳೂ ಅಲ್ಲ. ಆದರೆ ಎರಡು ತಲೆಮಾರು ಕಳೆಯುವಷ್ಟರಲ್ಲಿ ಸ್ಥಿತಿ ಬದಲಾಯಿತು. ಲೆಕ್ಕವಿಲ್ಲದಷ್ಟು ಇವೆಯೆಂದು ಕತ್ತರಿಸಿದ ವಸ್ತು ಹುಡುಕಿದರೂ ಸಿಕ್ಕದಂತಾಯಿತು. ಇಂದು ಆ ದೇಶಗಳ ಸಂಗ್ರಾಹಕರು ಕತ್ತರಿ ಕಾಣದ ರೈಫಲಿಗೆ ಹೆಚ್ಚಿನ ಬೆಲೆ ಕೊಟ್ಟು, ಕತ್ತರಿಸಿದುದನ್ನು ಕಂಡು ನಿಟ್ಟುಸಿರಿಡುತ್ತಾರೆ. ಹೇರಳವಾಗಿರುವಾಗ ಯಾವ ವಸ್ತುವೂ ಚಾರಿತ್ರಿಕವೆಂದು ತೋರುವುದಿಲ್ಲ. ನಮ್ಮ ಅಟ್ಟಗಳ ಮೇಲಿದ್ದ ಓಲೆಗರಿಯ ಕಟ್ಟುಗಳು ಹಂಡೆಯ ಒಲೆಗೆ ಹೋದ ಕಥೆಯೂ ಇದೇ ಅಲ್ಲವೆ?

ನಮ್ಮ ದೇಶದಲ್ಲಿ ಪ್ರಶ್ನೆಯ ಸ್ವರೂಪವೇ ಬೇರೆ. ಇಲ್ಲಿ ಮೊದಲು ಕೇಳಬೇಕಾದುದು ಕಾನೂನನ್ನು. 1959ರ ಶಸ್ತ್ರಾಸ್ತ್ರ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳುವುದು ಹೇಗೆ ಅಪರಾಧವೋ ಹಾಗೆಯೇ ಅದನ್ನು ಕಸುಬಿನ ಪರವಾನಗಿಯಿಲ್ಲದೆ ತಯಾರಿಸುವುದು, ಮಾರುವುದು, ಮಾರ್ಪಡಿಸುವುದು, ದುರಸ್ತಿ ಮಾಡುವುದು ಕೂಡ ಅಪರಾಧ. ಅದರ 6ನೆಯ ಕಲಮು ನಳಿಗೆಯನ್ನು ಮೊಟಕುಮಾಡುವುದನ್ನೂ ಆಟಿಕೆಯ ಕೋವಿಯನ್ನು ನಿಜವಾದ ಕೋವಿಯಾಗಿ ಪರಿವರ್ತಿಸುವುದನ್ನೂ ಹೆಸರಿಟ್ಟು ನಿಷೇಧಿಸುತ್ತದೆ. 2019ರ ತಿದ್ದುಪಡಿ ಇದಕ್ಕೆ ಇನ್ನೊಂದನ್ನು ಸೇರಿಸಿತು: ನಿಯಮಗಳಲ್ಲಿ ಹೇಳಿರುವ ಒಂದು ವರ್ಗದ ಕೋವಿಯನ್ನು ಮತ್ತೊಂದು ವರ್ಗಕ್ಕೆ ಬದಲಾಯಿಸುವುದೂ ಪರವಾನಗಿಯಿಲ್ಲದೆ ಕೂಡದು. ಈ ಕಲಮನ್ನು ಮೀರಿದವನಿಗೆ ಏಳು ವರ್ಷಕ್ಕೆ ಕಡಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಸೆರೆವಾಸ. ಸೇನೆಯ ಅಳತೆಯದೆಂದು .303 ನಿಷೇಧಿತ ವರ್ಗಕ್ಕೆ ಸೇರಿದೆ. ಕೇಂದ್ರ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ನಾಗರಿಕನು ಅದನ್ನು ಹೊಂದುವಂತಿಲ್ಲ. ಸರ್ಕಾರಿ ಶಸ್ತ್ರ ಕಾರ್ಖಾನೆಗಳು ನಾಗರಿಕರಿಗಾಗಿಯೇ .315 ಅಳತೆಯ ರೈಫಲನ್ನು ಮಾಡಿ ಮಾರಿದ್ದು ಈ ಕಾರಣದಿಂದಲೇ. ಅದರ ಒಳರಚನೆ ಲೀ-ಎನ್‌ಫೀಲ್ಡಿನದೇ, ತೋಟೆ ಮಾತ್ರ ಬೇರೆ. ಇನ್ನು, 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ ಬಂದಮೇಲೆ ಬೇಟೆ ಎಂಬ ಕಾರಣವೂ ಉಳಿಯಲಿಲ್ಲ. ವಿದೇಶದ ಬೇಟೆಗಾರನು ಗರಗಸ ಹಿಡಿಯುವಾಗ ಕೊಡುತ್ತಿದ್ದ ಸಮರ್ಥನೆ ನಮ್ಮಲ್ಲಿ ಯಾರ ಬಾಯಿಗೂ ಒಪ್ಪದು.

ಇದೇ ಅಧಿನಿಯಮದ 8ನೆಯ ಕಲಮು ಸಾಹಿತ್ಯದ ವಿದ್ಯಾರ್ಥಿ ಮೆಚ್ಚಬೇಕಾದದ್ದು. ಕೋವಿಯ ಮೇಲೆ ಒತ್ತಿದ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು, ಕೀಳುವುದು, ತಿದ್ದುವುದು ಅಪರಾಧವೆಂದು ಅದು ವಿಧಿಸುತ್ತದೆ. ಅಷ್ಟೇ ಅಲ್ಲ, ಅಂಥ ಕೋವಿ ಯಾರ ಬಳಿ ಸಿಕ್ಕಿತೋ ಅವನೇ ಅಳಿಸಿದನೆಂದು, ಅಲ್ಲವೆಂದು ರುಜುವಾತಾಗುವವರೆಗೆ, ಭಾವಿಸಲು ಅವಕಾಶ ಕೊಡುತ್ತದೆ. ಶಾಸಕರ ಉದ್ದೇಶ ಅಪರಾಧಿಗಳನ್ನು ಹಿಡಿಯುವುದಿರಬಹುದು. ಆದರೆ ಪರಿಣಾಮದಲ್ಲಿ ಅವರು ಶಾಸನತಜ್ಞನ ಧರ್ಮವನ್ನೇ ಕಾನೂನಾಗಿಸಿದ್ದಾರೆ. ಹಳೆಯ ರೈಫಲಿನ ಲೋಹದ ಮೇಲಿನ ಮುದ್ರೆಗಳು ಒಂದು ಕಿರುಶಾಸನವೇ ಸರಿ. ಯಾವ ಕಾರ್ಖಾನೆ, ಯಾವ ವರ್ಷ, ಯಾರು ಪರೀಕ್ಷಿಸಿದರು, ಯಾವಾಗ ದುರಸ್ತಿಯಾಯಿತು, ಯಾವಾಗ ಸೇವೆಯಿಂದ ಕಳಚಿತು ಎಂಬುದೆಲ್ಲ ಅಲ್ಲಿರುತ್ತದೆ.

ಕಾನೂನಿನ ಮತ್ತೊಂದು ಮಾತು ಅಷ್ಟು ಸುಲಭವಾಗಿ ಒಪ್ಪುವಂಥದಲ್ಲ. ಹಳೆಯ ಮಾದರಿಯ, ಪುರಾತತ್ತ್ವ ಮೌಲ್ಯವುಳ್ಳ ಅಥವಾ ಕೆಟ್ಟುಹೋದ ಆಯುಧಗಳಿಗೆ ಈ ಅಧಿನಿಯಮ ಅನ್ವಯಿಸುವುದಿಲ್ಲವೆಂದು 45ನೆಯ ಕಲಮು ಹೇಳುತ್ತದೆ. ಆದರೆ ಒಂದು ಷರತ್ತು ಉಂಟು: ಅದು ದುರಸ್ತಿಯಿಲ್ಲದೆಯಾಗಲಿ, ದುರಸ್ತಿ ಮಾಡಿಯಾಗಲಿ ಕೋವಿಯಾಗಿ ಬಳಸಲು ಬಾರದಂತಿರಬೇಕು. ತುಕ್ಕು ಹಿಡಿದು ಅಟ್ಟದ ಮೇಲೆ ಬಿದ್ದಿರುವ ಅಜ್ಜನ ಕೋವಿ ನಮ್ಮ ಕಣ್ಣಿಗೆ ಕಬ್ಬಿಣದ ತುಂಡು. ಕಮ್ಮಾರನ ಕೈಯಲ್ಲಿ ಮತ್ತೆ ಬದುಕಬಹುದಾದರೆ ಕಾನೂನಿನ ಕಣ್ಣಿಗೆ ಅದು ಜೀವಂತ ಆಯುಧ. ಆದ್ದರಿಂದ ಪರವಾನಗಿಯಿಲ್ಲದೆ ಅದನ್ನು ನೆನಪಿಗಾಗಿ ಇಟ್ಟುಕೊಳ್ಳಬೇಕೆಂಬವನಿಗೆ ಉಳಿಯುವುದು ಅದನ್ನು ಮರಳಿ ಬದುಕದಂತೆ ಕೆಡಿಸುವ ದಾರಿ. ಪರವಾನಗಿ ಪಡೆದು ಇಟ್ಟುಕೊಳ್ಳೋಣವೆಂದರೆ, ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಕೋವಿಗಳು ಇರಕೂಡದೆಂದು 2019ರ ತಿದ್ದುಪಡಿ ಮಿತಿ ಹಾಕಿದೆ. ವಂಶಪಾರಂಪರ್ಯವಾಗಿ ಬಂದವೂ ಈ ಲೆಕ್ಕಕ್ಕೆ ಸೇರುತ್ತವೆ. ಪುರಾತನ ವಸ್ತುವನ್ನು ಉಳಿಸಬೇಕಾದರೆ ಅದರ ಅಂಗವನ್ನು ಊನಗೊಳಿಸಬೇಕು ಎಂಬ ಈ ಸಂಕಟವೇ ನಮ್ಮ ಪ್ರಶ್ನೆಯ ತಿರುಳು. ಪ್ರಜೆಗಳ ಪ್ರಾಣರಕ್ಷಣೆ ದೊಡ್ಡದೋ, ವಸ್ತುವಿನ ಅಖಂಡತೆ ದೊಡ್ಡದೋ ಎಂದು ಕೇಳಿದರೆ ವಿವೇಕಿಯಾದವನು ಮೊದಲನೆಯದನ್ನೇ ಹೇಳುತ್ತಾನೆ. ಆದರೆ ಹಾಗೆ ಹೇಳಿದ ಮಾತ್ರಕ್ಕೆ ಎರಡನೆಯದಕ್ಕೆ ಬೆಲೆಯೇ ಇಲ್ಲವೆಂದಾಗುವುದಿಲ್ಲ.

ಆಯುಧದ ಕಾನೂನಿಗೂ ಜನರ ಮನಸ್ಸಿಗೂ ನಡುವೆ ಹೀಗೆ ಎಳೆದಾಟವಾಗುವುದು ಹೊಸದಲ್ಲ. 1857ರಲ್ಲಿ ಇಂಗ್ಲಿಷರು ಜನರ ಆಯುಧಗಳನ್ನು ಕಸಿಯುವ ಕಾಯಿದೆ ತಂದಾಗ ಮುಧೋಳದ ಬಳಿಯ ಹಲಗಲಿಯ ಬೇಡರು ಅದನ್ನು ಒಪ್ಪಲಿಲ್ಲ. ಬೇಟೆಯಿಂದ, ಕಾವಲಿನಿಂದ ಬದುಕುತ್ತಿದ್ದವರಿಗೆ ಆಯುಧವೆಂದರೆ ಅನ್ನ. ಅನ್ನಕ್ಕಿಂತ ಮಿಗಿಲಾಗಿ ಮಾನ. ಅವರು ಬಂಡೆದ್ದರು, ಸೈನ್ಯ ಬಂದು ಊರನ್ನು ಸುಟ್ಟಿತು, ಅವರ ನಾಯಕರನ್ನು ಅದೇ ವರ್ಷದ ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಆ ಕಥೆಯ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಶಾಸನಗಳ ವಿದ್ವಾಂಸನಾಗಿ ಕನ್ನಡಿಗರಿಗೆ ಪರಿಚಿತನೇ. ಮುಂದೆ 1878ರ ಶಸ್ತ್ರ ಕಾಯಿದೆ ದೇಶವನ್ನೆಲ್ಲ ನಿಶ್ಶಸ್ತ್ರಗೊಳಿಸಿತು. ಕೊಡಗಿಗೆ ಮಾತ್ರ ವಿನಾಯಿತಿ ದೊರೆಯಿತು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗಿರುವ ಈ ವಿನಾಯಿತಿಯನ್ನು ಸ್ವತಂತ್ರ ಭಾರತವೂ ಉಳಿಸಿಕೊಂಡಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು; 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಕೊಡಗಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿಯನ್ನು ಒರಸಿ, ದೇವರ ಕೋಣೆಯಲ್ಲಿಟ್ಟು, ಅದಕ್ಕೆ ತೋಕ್‌ಪೂವನ್ನು ಮುಡಿಸುತ್ತಾರೆ. ತೋಕ್ ಎಂದರೆ ಕೋವಿ. ಹೂವಿಗೇ ಕೋವಿಯ ಹೆಸರು. ನಾವು ಆಯುಧಪೂಜೆಯಲ್ಲಿ ಮಾಡುವುದೂ ಇಷ್ಟೇ: ಒರಸುವುದು, ಎಣ್ಣೆ ಸವರುವುದು, ಕುಂಕುಮವಿಡುವುದು. ಪೂಜೆಯ ಹಿಂದಿನ ಭಾವ ಏನೇ ಇರಲಿ, ಆ ಕ್ರಿಯೆಗಳಲ್ಲಿ ಒಂದು ಮರ್ಯಾದೆಯಿದೆ. ಮಾಡಿದ್ದೆಲ್ಲವನ್ನೂ ಮರುದಿನ ಒಂದು ಬಟ್ಟೆಯಿಂದ ಒರಸಿ ತೆಗೆಯಬಹುದು. ವಸ್ತು ಮೊದಲಿದ್ದಂತೆಯೇ ಇರುತ್ತದೆ.

ಹಾಗಾದರೆ, ಮೊದಲಿದ್ದಂತೆ ಇರುವುದೇ ಶ್ರೇಷ್ಠವೆ? ಬದಲಾದದ್ದೆಲ್ಲ ಕೆಟ್ಟದ್ದೆ? ಇಲ್ಲಿ ಅವಸರದ ತೀರ್ಮಾನ ಸಲ್ಲದು. 1857ರ ದಂಗೆಗೆ ಎನ್‌ಫೀಲ್ಡ್ ರೈಫಲಿನ ಕೊಬ್ಬು ಸವರಿದ ತೋಟೆ ನೆಪವಾದುದು ಎಲ್ಲರಿಗೂ ತಿಳಿದ ಸಂಗತಿ. ದಂಗೆ ಅಡಗಿದ ಮೇಲೆ ನಡೆದದ್ದು ಅಷ್ಟಾಗಿ ತಿಳಿಯದು. ರೈಫಲಿನ ಗುಟ್ಟಿರುವುದು ನಳಿಗೆಯ ಒಳಗೆ ಸುರುಳಿಯಾಗಿ ಕೊರೆದ ಗೆರೆಗಳಲ್ಲಿ. ಗುಂಡು ತಿರುಗುತ್ತ ಹೊರಟು ದೂರದ ಗುರಿಯನ್ನು ಮುಟ್ಟುವುದು ಅವುಗಳಿಂದ. ಭಾರತೀಯ ಸಿಪಾಯಿಗಳಿಗೆ ಕೊಡುವ ಎನ್‌ಫೀಲ್ಡುಗಳ ಒಳಗೆ ಆ ಗೆರೆಗಳೇ ಇಲ್ಲದಂತೆ ಇಂಗ್ಲಿಷರು ನಳಿಗೆಯನ್ನು ನುಣುಪುಮಾಡಿದರು. ಹೊರನೋಟಕ್ಕೆ ರೈಫಲು, ಒಳಗೆ ಹಳೆಯ ಮಸ್ಕೆಟ್ಟು. ಅದು ದೂರ ಹೊಡೆಯದು, ಗುರಿ ನಿಲ್ಲದು. ಮುಂದೆ .303ರ ಕಾಲದಲ್ಲಿ ಇಶಾಪುರದಲ್ಲಿ ಇದೇ ಕೆಲಸ ನಡೆಯಿತು. ಪೋಲೀಸರಿಗೂ ಜೈಲಿನ ಕಾವಲುಗಾರರಿಗೂ ಕೊಡಲು ಲೀ-ಎನ್‌ಫೀಲ್ಡುಗಳನ್ನು .410 ಅಳತೆಯ ನುಣುಪು ನಳಿಗೆಯ ಮಸ್ಕೆಟ್ಟುಗಳಾಗಿ ಮಾರ್ಪಡಿಸಿದರು. ತೋಟೆಯ ಪೆಟ್ಟಿಗೆ ಇರಬೇಕಾದ ಕಡೆ ಮರದ ತುಂಡೊಂದನ್ನು ತುರುಕಿ, ಒಮ್ಮೆಗೆ ಒಂದೇ ತೋಟೆ ಹಾಕುವಂತೆ ಮಾಡಿದರು.

ಈ ಮರದ ತುಂಡು ನಮಗೆ ಹೇಳುವುದು ಬಹಳ. ಕಾವಲಿಗೆ ನಿಲ್ಲಿಸಿದವನನ್ನೇ ನಂಬದ ಒಂದು ಪ್ರಭುತ್ವ ಹೇಗಿತ್ತೆಂಬುದನ್ನು ಯಾವ ಸರ್ಕಾರಿ ಕಡತಕ್ಕಿಂತಲೂ ಸ್ಪಷ್ಟವಾಗಿ ಅದು ಸಾರುತ್ತದೆ. ಈಗ, ಹಳೆಯ ಆಯುಧಗಳ ಪ್ರೇಮಿಯೊಬ್ಬನು ಆ ಮಸ್ಕೆಟ್ಟನ್ನು ಕೊಂಡು, ಮರದ ತುಂಡನ್ನು ಕಿತ್ತು, ನಳಿಗೆ ಬದಲಿಸಿ, ‘ಮೂಲಸ್ವರೂಪಕ್ಕೆ’ ತಂದೆನೆಂದು ಹಿಗ್ಗಿದರೆ ಅವನು ಮಾಡಿದ್ದೇನು? ಕಾನೂನಿನ ದೃಷ್ಟಿಯಲ್ಲಿ ಘೋರ ಅಪರಾಧ. ಚರಿತ್ರೆಯ ದೃಷ್ಟಿಯಲ್ಲಿಯೂ ಸಾಕ್ಷಿನಾಶ. ಮೂಲವನ್ನು ಉದ್ಧರಿಸುತ್ತೇನೆಂದು ಹೊರಟು, ಮೂಲಕ್ಕಿಂತ ಅಪರೂಪವಾದ ಒಂದು ಪಾಠವನ್ನು ಅವನು ಅಳಿಸಿಬಿಟ್ಟಂತಾಯಿತು.

‘ಪಾಠ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ತಳಕಿನ ವೆಂಕಣ್ಣಯ್ಯನವರ ಪೀಳಿಗೆ ಮೈಸೂರಿನಲ್ಲಿ ಕುಳಿತು ಹಳೆಯ ಪ್ರತಿಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ತಾಳೆನೋಡಿತು. ಅದರ ಬೆನ್ನಿಗೆ ಬಂದ ಡಿ.ಎಲ್. ನರಸಿಂಹಾಚಾರ್ಯರು ಆ ಕೆಲಸವನ್ನು ಶಾಸ್ತ್ರವಾಗಿಸಿ ‘ಕನ್ನಡ ಗ್ರಂಥ ಸಂಪಾದನೆ’ಯನ್ನು ಬರೆದರು. ಸಂಪಾದಕನ ಧರ್ಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಪ್ರತಿಯಲ್ಲಿರುವುದನ್ನು ಅಳಿಸಬಾರದು. ತಿದ್ದುವುದು ಅನಿವಾರ್ಯವಾದರೆ ತಿದ್ದಿದ್ದೇನೆಂದು ಕಾಣುವಂತೆ ತಿದ್ದಬೇಕು. ಬಿಟ್ಟ ಪಾಠವನ್ನು ಅಡಿಯಲ್ಲಿ ಕೊಡಬೇಕು. ಊಹೆಯನ್ನು ಊಹೆಯೆಂದೇ ಗುರುತಿಸಬೇಕು. ಲಿಪಿಕಾರನ ಕೈತಪ್ಪು ಕೂಡ ಒಂದು ಕಾಲದ ಉಚ್ಚಾರಣೆಯನ್ನೋ ರೂಢಿಯನ್ನೋ ತಿಳಿಸಬಹುದಾದ್ದರಿಂದ ಅದನ್ನೂ ಕಸವೆಂದು ಎಸೆಯಬಾರದು. ಕಟ್ಟಡಗಳ ಜೀರ್ಣೋದ್ಧಾರವನ್ನು ಕುರಿತು 1964ರಲ್ಲಿ ವೆನಿಸ್ ನಗರದಲ್ಲಿ ಸೇರಿದ ತಜ್ಞರು ಅಂಗೀಕರಿಸಿದ ಸನ್ನದು ಹೇಳುವುದೂ ಹೆಚ್ಚುಕಡಮೆ ಇದನ್ನೇ: ಊಹೆ ಆರಂಭವಾಗುವಲ್ಲಿ ದುರಸ್ತಿ ನಿಲ್ಲಬೇಕು, ಹೊಸದಾಗಿ ಸೇರಿಸಿದ್ದು ಹೊಸದೆಂದು ತಿಳಿಯುವಂತಿರಬೇಕು, ಬೇರೆಬೇರೆ ಕಾಲಗಳು ಬಿಟ್ಟುಹೋದ ಸಾರ್ಥಕ ಗುರುತುಗಳನ್ನೆಲ್ಲ ಗೌರವಿಸಬೇಕು. ಓಲೆಗರಿಗೂ ಗುಡಿಗೂ ಒಪ್ಪುವ ಈ ಧರ್ಮ ಕೋವಿಗೆ ಒಪ್ಪದಿರಲು ಕಾರಣವಿಲ್ಲ.

ಇದೇ ಶಾಸ್ತ್ರದ ಬೆಳಕಿನಲ್ಲಿ ಇನ್ನೊಂದು ಬಗೆಯ ಮಾರ್ಪಾಟನ್ನೂ ಅಳೆಯಬಹುದು. ನಾಲ್ಕು ಕೋವಿಗಳ ಭಾಗಗಳನ್ನು ಕೂಡಿಸಿ, ಸಂಖ್ಯೆಗಳನ್ನು ಹೊಂದಿಸಿ, ಹೆಸರಾಂತ ಯುದ್ಧವೊಂದರ ಕೋವಿಯೆಂದು ಮಾರುವ ಕೆಲಸ ಹೊರದೇಶಗಳ ಸಂಗ್ರಾಹಕರಲ್ಲಿ ಉಂಟು. ನಮ್ಮಲ್ಲಿ ಇದಕ್ಕೆ ಹಳೆಯ ಹೆಸರೊಂದಿದೆ: ಕೂಟಶಾಸನ. ದಾನವಿಲ್ಲದ ಭೂಮಿಗೆ ದಾನಪತ್ರ ಸೃಷ್ಟಿಸಿ, ಹಿಂದಿನ ರಾಜನ ಹೆಸರು ಕೆತ್ತಿದ ತಾಮ್ರಪಟಗಳವು. ಗಂಗರ ಹೆಸರಿನ ಅನೇಕ ತಾಮ್ರಪಟಗಳು ಕೂಟವೆಂದು ಫ್ಲೀಟನೇ ವಾದಿಸಿದ್ದನು, ರೈಸರು ಒಪ್ಪಲಿಲ್ಲ, ಆ ವಿವಾದ ಬಹುಕಾಲ ನಡೆಯಿತು. ಒಂದು ಸುಳ್ಳು ಸಾಕ್ಷಿ ಹತ್ತು ನಿಜವಾದ ಸಾಕ್ಷಿಗಳನ್ನೂ ಸಂದೇಹಕ್ಕೆ ಗುರಿಮಾಡುತ್ತದೆ ಎಂಬುದು ಅದರಿಂದ ಕಲಿಯಬೇಕಾದ ಪಾಠ.

ಇಷ್ಟು ಹೇಳಿದ ಮೇಲೂ ಒಂದು ಗಂಭೀರ ಆಕ್ಷೇಪ ಉಳಿಯುತ್ತದೆ. ಓಲೆಗರಿ ಯಾರನ್ನೂ ಕೊಲ್ಲುವುದಿಲ್ಲ, ಕೋವಿ ಕೊಲ್ಲುತ್ತದೆ. ಕೊಲೆಯ ಸಾಧನಕ್ಕೆ ಕಾವ್ಯದ ಮರ್ಯಾದೆಯೆ? ಕರಗಿಸಿ ಗುದ್ದಲಿ ಮಾಡಿದರೆ ಲೋಕಕ್ಕೆ ಹಿತವಲ್ಲವೆ? ಈ ಆಕ್ಷೇಪಕ್ಕೂ ತಳಕಿನ ನೆರೆಯಲ್ಲೇ ಬಲವಾದ ಆಧಾರವಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆಶಾಸನಗಳಿವೆ. 1892ರಲ್ಲಿ ರೈಸರು ಅವನ್ನು ಬೆಳಕಿಗೆ ತಂದರು. ಕಳಿಂಗದ ರಕ್ತಪಾತವನ್ನು ಕಂಡು ಮನಸ್ಸು ಮಾಗಿದ ಆ ದೊರೆ, ತಂದೆತಾಯಿಗಳ ಮಾತಿನಂತೆ ನಡೆಯುವುದು, ಪ್ರಾಣಿಗಳಲ್ಲಿ ದಯೆ, ಸತ್ಯದ ನುಡಿ, ಶಿಷ್ಯನು ಗುರುವಿಗೆ ಸಲ್ಲಿಸುವ ಗೌರವ ಇವನ್ನು ಧರ್ಮವೆಂದು ಅಲ್ಲಿ ಸಾರಿದ್ದಾನೆ. ಆಯುಧವನ್ನು ಕೆಳಗಿಡುವುದೇ ಹಿರಿಮೆ ಎಂಬ ಮಾತು ಈ ನೆಲದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಲ್ಲಿನ ಮೇಲೆ ಬರೆದುಬಿಟ್ಟಿದೆ.

ಆದರೆ ಅಶೋಕನು ಕಳಿಂಗವನ್ನು ಮರೆಮಾಡಲಿಲ್ಲ ಎಂಬುದನ್ನು ಗಮನಿಸಬೇಕು. ಬೇರೆಡೆಯ ಬಂಡೆಗಳಲ್ಲಿ ಸತ್ತವರ, ಸೆರೆಯಾದವರ ಲೆಕ್ಕವನ್ನು ಅವನೇ ಬರೆಸಿದ. ಪಶ್ಚಾತ್ತಾಪಕ್ಕೂ ಸಾಕ್ಷಿ ಬೇಕು. ಬ್ರಹ್ಮಗಿರಿಯ ಬಂಡೆಯಲ್ಲಿ ರಾಜಾಜ್ಞೆ ಮುಗಿದ ಮೇಲೆ ಅದನ್ನು ಬರೆದ ಲಿಪಿಕಾರ ಚಪಡನು ತನ್ನ ಹೆಸರನ್ನೂ ಬರೆದಿದ್ದಾನೆ. ‘ಲಿಪಿಕಾರ’ ಎಂಬ ಮಾತನ್ನು ದೂರದ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ರಾಜನ ಮಾತಿಗೆ ಅದರಿಂದ ಏನೂ ಕೂಡುವುದಿಲ್ಲ. ಆದರೆ ಆ ಒಂದು ಗುರುತಿನಿಂದ, ವಾಯವ್ಯದ ಅಕ್ಷರ ಬಲ್ಲ ಒಬ್ಬ ಮನುಷ್ಯ ಮೊಳಕಾಲ್ಮೂರಿನ ಕಲ್ಲುಗುಡ್ಡದವರೆಗೆ ತನ್ನ ವಿದ್ಯೆಯನ್ನು ತಂದಿದ್ದನೆಂದು ನಾವು ಊಹಿಸಬಲ್ಲೆವು. ಯಾರಾದರೂ ಅದನ್ನು ಅನಾವಶ್ಯಕವೆಂದು ಕೆತ್ತಿ ತೆಗೆದಿದ್ದರೆ? ಇಶಾಪುರದ ಹೆಸರಿಲ್ಲದ ಕೆಲಸಗಾರರು ಉಕ್ಕಿನ ಮೇಲೆ ಒತ್ತಿದ ಮುದ್ರೆಗಳೂ ಇದೇ ಜಾತಿಯವು. ಕೋವಿಯನ್ನು ಉಳಿಸುವುದೆಂದರೆ ಕೊಲೆಯನ್ನು ಪೂಜಿಸುವುದಲ್ಲ. ಮಾಡಿದವರ, ಹೊತ್ತವರ, ಅದರ ಬಾಯಿಗೆ ಬಿದ್ದವರ ನೆನಪನ್ನು ಉಳಿಸುವುದು.

ಕೊಲ್ಲುವ ಶಕ್ತಿಯನ್ನು ಕಳೆದು ನೆನಪನ್ನು ಉಳಿಸುವ ದಾರಿ ಸರ್ಕಾರಕ್ಕೇ ಗೊತ್ತಿದೆ. ಎನ್.ಸಿ.ಸಿ.ಯಲ್ಲಿ ಕವಾಯತು ಮಾಡಿದವರೆಲ್ಲ ಡಿ.ಪಿ. ರೈಫಲನ್ನು ಬಲ್ಲರು. ಗುಂಡು ಹಾರಿಸಲು ಯೋಗ್ಯವಲ್ಲದ ಹಳೆಯ ರೈಫಲನ್ನು ಕವಾಯತಿಗೆ ಮಾತ್ರ ಉಳಿಸಿ, ಆ ಎರಡು ಅಕ್ಷರಗಳನ್ನು ಅದರ ಮೇಲೆ ಎದ್ದುಕಾಣುವಂತೆ ಒತ್ತಿರುತ್ತಾರೆ. ಇದು ಪ್ರಾಮಾಣಿಕ ಮಾರ್ಪಾಟು. ಮಾಡಿದ್ದನ್ನು ಮರೆಮಾಚುವುದಿಲ್ಲ, ಮುಂದೆ ಹಿಡಿಯುವವನಿಗೆ ಎಚ್ಚರಿಕೆಯನ್ನೂ ಕೊಡುತ್ತದೆ. ಆ ಮುದ್ರೆಯನ್ನು ಕಡೆಗಣಿಸಿ ಇಂಥ ರೈಫಲಿನಿಂದ ಮತ್ತೆ ಗುಂಡು ಹಾರಿಸಹೊರಟರೆ ಹಾರಿಸುವವನ ಮುಖಕ್ಕೇ ಅಪಾಯ. ಹಳೆಯ ಉಕ್ಕನ್ನು ಹೊಸ ತೋಟೆಗೆ ಒಗ್ಗಿಸುವುದೂ ಅಂಥದೇ. 1960ರ ದಶಕದಲ್ಲಿ ಇಶಾಪುರದವರು 7.62 ಮಿಲಿಮೀಟರಿನ ತೋಟೆಗೆ ಲೀ-ಎನ್‌ಫೀಲ್ಡ್ ಮಾದರಿಯನ್ನೇ ಉಳಿಸಿಕೊಂಡರೂ, ಹಳೆಯ ಕೋವಿಗಳ ನಳಿಗೆಯನ್ನು ಬದಲಿಸಿ ತೃಪ್ತರಾಗಲಿಲ್ಲ. ಒತ್ತಡ ತಾಳುವ ಮೇಲ್ತರದ ಉಕ್ಕಿನಿಂದ ಹೊಸದಾಗಿಯೇ ತಯಾರಿಸಿದರು. ಕಾರ್ಖಾನೆಯ ತಜ್ಞರು ಮಾಡದ ಸಾಹಸವನ್ನು ಊರ ಕಮ್ಮಾರನು ಮಾಡುವುದು ವಿವೇಕವಲ್ಲ.

ಇದೆಲ್ಲವನ್ನೂ ಕೂಡಿಸಿ ನೋಡಿದರೆ ನಡೆಯಬೇಕಾದ ದಾರಿ ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ಪರವಾನಗಿಯುಳ್ಳ ಹಳೆಯ ಕೋವಿಯನ್ನು ಒರಸಿ, ಎಣ್ಣೆ ಹಚ್ಚಿ, ತುಕ್ಕು ಬೆಳೆಯದಂತೆ ನೋಡಿಕೊಳ್ಳಬೇಕು. ಹೊಳಪಿನ ಆಸೆಯಿಂದ ಉಜ್ಜಿ ಮುದ್ರೆಗಳನ್ನು ಸವೆಸಬಾರದು. ಬಿಚ್ಚಿ ಮತ್ತೆ ಜೋಡಿಸಬಹುದಾದದ್ದು, ಉದಾಹರಣೆಗೆ ಒಂದು ಹೆಗಲಪಟ್ಟಿ, ದೋಷವಲ್ಲ. ತೆಗೆದದ್ದನ್ನು ಜೋಪಾನವಾಗಿ ಇಟ್ಟಿರಬೇಕು. ಕತ್ತರಿಸುವುದು, ಕೊರೆಯುವುದು, ಅಳತೆ ಬದಲಿಸುವುದು ಕಾನೂನಿಗೂ ಧರ್ಮಕ್ಕೂ ವಿರುದ್ಧ. ದುರಸ್ತಿ ಬೇಕಾದರೆ ಪರವಾನಗಿಯುಳ್ಳ ಕಸುಬುದಾರನಿಂದಲೇ ಮಾಡಿಸಿ, ಏನು ಮಾಡಿಸಿದೆನೆಂದು ಬರೆದಿಡಬೇಕು. ಅಟ್ಟದ ಮೇಲೆ ದಾಖಲೆಯಿಲ್ಲದ ಕೋವಿ ಸಿಕ್ಕಿದರೆ ಅದನ್ನು ಬಚ್ಚಿಡದೆ, ವಕೀಲರ ಸಲಹೆ ಪಡೆದು, ಠಾಣೆಗೆ ತಿಳಿಸುವುದೇ ಮೊದಲ ಕೆಲಸ. ನಿರುಪಯುಕ್ತಗೊಳಿಸಲೇಬೇಕಾದ ಸಂದರ್ಭ ಬಂದರೆ ಅದು ಅಧಿಕಾರಿಗಳ ಅಪ್ಪಣೆಯಂತೆ, ಬಲ್ಲವರ ಕೈಯಿಂದ, ಕಾನೂನಿಗೆ ಸಾಕಾಗುವಷ್ಟು ಮಾತ್ರ ಆಗಬೇಕು. ಅದಕ್ಕೆ ಮೊದಲು ಎಲ್ಲ ಗುರುತುಗಳ ಛಾಯಾಚಿತ್ರ ತೆಗೆದಿರಬೇಕು. ಗರಿ ಮುರಿಯುವುದಕ್ಕೆ ಮೊದಲು ಪ್ರತಿ ಮಾಡಿಕೊಳ್ಳುವ ಕ್ರಮವೇ ಇದು.

ಎಲ್ಲಕ್ಕಿಂತ ಮೇಲಾದದ್ದು ವಸ್ತುವನ್ನು ಅಖಂಡವಾಗಿ ಸಾರ್ವಜನಿಕ ಸಂಗ್ರಹಾಲಯಕ್ಕೆ ತಲಪಿಸುವ ದಾರಿ. ಶಿವಮೊಗ್ಗ ಜಿಲ್ಲೆಯ ನಗರದ ಬಳಿ 2018ರಲ್ಲಿ ಪಾಳುಬಾವಿಯೊಂದರಿಂದ ಟಿಪ್ಪುವಿನ ಕಾಲದ ಸಾವಿರಕ್ಕೂ ಮಿಕ್ಕಿದ ರಾಕೆಟ್ಟುಗಳು ಹೊರಬಂದವು. ಅವು ಗುಜರಿಗೆ ಹೋಗದೆ ಪುರಾತತ್ತ್ವ ಇಲಾಖೆಗೆ ಸೇರಿದ್ದರಿಂದ ಹದಿನೆಂಟನೆಯ ಶತಮಾನದ ನಮ್ಮ ಕಮ್ಮಾರರ ಜಾಣ್ಮೆ ಇಂದಿನ ವಿದ್ಯಾರ್ಥಿಯ ಕಣ್ಣಿಗೆ ಬೀಳುವಂತಾಯಿತು. ಪೋಲೀಸು ಉಗ್ರಾಣಗಳಿಂದ ಹಳೆಯ .303ಗಳೂ .410ಗಳೂ ಕಳಚಿಹೋಗುವಾಗ ಎಲ್ಲವನ್ನೂ ಕುಲುಮೆಗೆ ಹಾಕದೆ, ಒಂದೊಂದು ಮಾದರಿಯಿಂದ ಕೆಲವನ್ನಾದರೂ ಮರದ ತುಂಡಿನ ಸಹಿತ ಜಿಲ್ಲೆಯ ಸಂಗ್ರಹಾಲಯಗಳಿಗೆ ಕೊಡುವುದು ಸರ್ಕಾರದ ಕರ್ತವ್ಯ. ಹಲಗಲಿಯ ಲಾವಣಿಯನ್ನು ಓದುವ ಹುಡುಗ ಆ ಮಸ್ಕೆಟ್ಟನ್ನೂ ನೋಡಬೇಕು. ಯಾವ ಆಯುಧಕ್ಕಾಗಿ ಬೇಡರು ಪ್ರಾಣ ಕೊಟ್ಟರು, ಯಾವ ಭಯದಿಂದ ಆಳುವವರು ನಳಿಗೆಯ ಗೆರೆಗಳನ್ನು ಅಳಿಸಿದರು ಎಂಬುದು ಆಗ ಅವನಿಗೆ ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಹಳೆಯ ವಸ್ತುವಿನ ಒಡೆಯರೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ನಾವು ಅದರ ಲಿಪಿಕಾರರ ಸಾಲಿನಲ್ಲಿ ಒಬ್ಬರು. ನಮಗೆ ಬಂದ ಪ್ರತಿಯನ್ನು ಕೆಡದಂತೆ, ಕೆಡುಕೂ ಮಾಡದಂತೆ, ಮುಂದಿನವರಿಗೆ ದಾಟಿಸುವುದು ನಮ್ಮ ಪಾಲಿನ ಕೆಲಸ. ಕೋವಿಯ ಬಾಯನ್ನು ಮುಚ್ಚುವ ಹಕ್ಕು ಸಮಾಜಕ್ಕೆ ಉಂಟು. ಅದರ ಮೈಮೇಲಿನ ಅಕ್ಷರಗಳನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ.